ಜ್ಯೂರಿಯನ್ನು ಆರಿಸಿದ ಕಲ್ಲು: ಅಥೆನ್ಸಿನ ಕ್ಲೆರೊಟೇರಿಯಾನ್

ನ್ಯಾಯಕ್ಕೆ ಸಂಬಂಧಪಟ್ಟ ಶಾಸನ ಅಂದ್ರೆ ತೀರ್ಪನ್ನು ಕೆತ್ತಿಸಿಟ್ಟ ಕಲ್ಲು ನಮ್ಮ ಕಣ್ಣ ಮುಂದೆ ಬರುತ್ತೆ. ಪ್ರಾಚೀನ ಅಥೆನ್ಸಿನಲ್ಲಿ ತೀರ್ಪು ಕೊಡುವವರನ್ನೇ ಆರಿಸುವ ಕಲ್ಲೊಂದಿತ್ತು. ಅದೇ ಕ್ಲೆರೊಟೇರಿಯಾನ್.

ಅಲ್ಲಿನ ಕೋರ್ಟಿನಲ್ಲಿ ಅಧಿಕಾರಿಯೊಬ್ಬ ಕಲಾಪ ನಡೆಸುತ್ತಿದ್ದ, ಅಷ್ಟೆ. ತೀರ್ಪು ಪೂರ್ತಿ ಜ್ಯೂರಿಯದ್ದು, ಅದರ ಮೇಲೆ ಮೇಲ್ಮನವಿಯೂ ಇಲ್ಲ. 30 ವರ್ಷ ದಾಟಿದ ಪುರುಷ ನಾಗರಿಕರಲ್ಲಿ ವರ್ಷಕ್ಕೆ 6,000 ಜನ ಪ್ರಮಾಣ ಮಾಡಿ ಪಟ್ಟಿಗೆ ಸೇರುತ್ತಿದ್ದರು. ಮೊಕದ್ದಮೆ ನೋಡಿಕೊಂಡು 201, 401 ಅಥವಾ 501 ಜನ ಕೂರುತ್ತಿದ್ದರು. ಇಷ್ಟು ಅಧಿಕಾರ ಇರುವವರು ಯಾರು ಅಂತ ಮೊದಲೇ ಗೊತ್ತಾದರೆ ಲಂಚ ಅವರ ಮನೆ ಬಾಗಿಲಿಗೇ ಹೋಗುತ್ತೆ. ಹಾಗಾಗಿ ಕ್ರಿ.ಪೂ. 4ನೇ ಶತಮಾನದ ಹೊತ್ತಿಗೆ ವಿಚಾರಣೆಯ ದಿನ ಬೆಳಿಗ್ಗೆಯೇ ಆಯ್ಕೆ ಮಾಡುವ ಪದ್ಧತಿ ಬಂತು.

ಕೆಲಸ ಮಾಡುತ್ತಿದ್ದ ರೀತಿಯನ್ನು ‘ಅಥೆನ್ಸಿನವರ ಸಂವಿಧಾನ’ ಎಂಬ ಗ್ರಂಥ ವಿವರಿಸುತ್ತದೆ. ಅರಿಸ್ಟಾಟಲನ ಹೆಸರಿನಲ್ಲಿರುವ ಈ ಗ್ರಂಥ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ, 1891ರಲ್ಲಿ ಅಚ್ಚಾಯಿತು. ಕಲ್ಲಿನ ಮುಖದಲ್ಲಿ ಸಾಲು ಸಾಲಾಗಿ ಸಣ್ಣ ಸೀಳುಗಳು. ಪ್ರತಿಯೊಬ್ಬನ ಹೆಸರಿನ ಪಟ್ಟಿಯನ್ನು ಅವನ ಗುಂಪಿನ ಅಕ್ಷರವಿರುವ ಕಂಬಸಾಲಿಗೆ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಗೆ ಕಪ್ಪು, ಬಿಳಿ ದಾಳಗಳನ್ನು ಕಲಸಿ ಸುರಿದು, ಒಂದೊಂದಾಗಿ ಕೆಳಗೆ ಬೀಳಿಸುತ್ತಿದ್ದರು. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಒಳಗೆ, ಕಪ್ಪು ಬಿದ್ದರೆ ಎಲ್ಲರೂ ಮನೆಗೆ. ಆಯ್ಕೆಯಾದವರು ಯಾವ ಕೋರ್ಟಿಗೆ ಹೋಗಬೇಕು ಅನ್ನೋದಕ್ಕೂ ಮತ್ತೆ ಚೀಟಿ!

ಉತ್ತರಮೇರೂರಿನ ಕ್ರಿ.ಶ. 919 ಮತ್ತು 921ರ ಚೋಳ ಶಾಸನಗಳನ್ನು ಓದಿದವರಿಗೆ ಗಡಿಗೆಯಿಂದ ಓಲೆ ಎತ್ತುವ ಕ್ರಮ ಇಲ್ಲಿ ನೆನಪಾಗದೆ ಇರದು. ಅಲ್ಲಿ ಆರಿಸುತ್ತಿದ್ದದ್ದು ಊರ ಸಭೆಯ ಸಮಿತಿಗಳನ್ನು.

ನಮ್ಮಂಥ ಶಾಸನಾಸಕ್ತರಿಗೆ ಮುಖ್ಯವಾದದ್ದು ಆ ಹೆಸರಿನ ಪಟ್ಟಿಗಳು, ಗ್ರೀಕಿನಲ್ಲಿ ಪಿನಾಕಿಯಾನ್. ಅರಿಸ್ಟಾಟಲನ ಕಾಲಕ್ಕೆ ಇವು ಮರದವು, ಅದಕ್ಕೂ ಹಿಂದಿನ ಕಂಚಿನವು ಉಳಿದು ಬಂದಿವೆ. ಅವುಗಳ ಮೇಲೆ ವ್ಯಕ್ತಿಯ ಹೆಸರು, ಊರು, ಗುಂಪಿನ ಅಕ್ಷರ, ಮುದ್ರೆ. ಎಷ್ಟೋ ಪಟ್ಟಿಗಳಲ್ಲಿ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಕೊರೆದಿದ್ದಾರೆ. ಓರೆ ಬೆಳಕಿನಲ್ಲಿ ನೋಡಿದರೆ ಹಿಂದಿನವನ ಹೆಸರಿನ ಗೆರೆಗಳೂ ಕಾಣುತ್ತವೆ. ಕೆಲವು ಪಟ್ಟಿಗಳು ಸಮಾಧಿಗಳಲ್ಲಿ ಸಿಕ್ಕಿವೆ. ಜ್ಯೂರಿಯಲ್ಲಿ ಕೂರುವ ಹಕ್ಕು ಅವರಿಗೆ ಎಷ್ಟು ದೊಡ್ಡದಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೊನೆಯ ಹಂತ ಮತದಾನ. ಪ್ರತಿಯೊಬ್ಬನಿಗೂ ನಡುವೆ ಅಚ್ಚು ಇರುವ ಎರಡು ಕಂಚಿನ ಬಿಲ್ಲೆ. ಕೆಲವು ಬಿಲ್ಲೆಗಳ ಮೇಲೆ ‘ಸಾರ್ವಜನಿಕ ಮತ’ ಎಂಬ ಬರಹವಿದೆ. ತೂತಿನ ಅಚ್ಚು ವಾದಿಯ ಕಡೆ, ಗಟ್ಟಿ ಅಚ್ಚು ಪ್ರತಿವಾದಿಯ ಕಡೆ. ಅಚ್ಚಿನ ಎರಡೂ ತುದಿ ಬೆರಳುಗಳಿಂದ ಮುಚ್ಚಿ ಹಿಡಿದರೆ ಪಕ್ಕದವನಿಗೂ ಗೊತ್ತಾಗದು. ಮತ ಸಮಸಮ ಬಿದ್ದರೆ ಪ್ರತಿವಾದಿ ಗೆದ್ದ ಹಾಗೆ.

ಹೆಂಗಸರಿಗೆ, ಗುಲಾಮರಿಗೆ, ಹೊರಗಿನವರಿಗೆ ಇಲ್ಲಿ ಜಾಗವಿರಲಿಲ್ಲ. ಸಾಕ್ರಟೀಸನಿಗೆ ಮರಣದಂಡನೆ ಕೊಟ್ಟದ್ದೂ ಇಂಥ ಜ್ಯೂರಿಯೇ, ಕ್ರಿ.ಪೂ. 399ರಲ್ಲಿ. ತೀರ್ಪು ಸರಿಯಾಗೇ ಇರುತ್ತೆ ಅಂತ ಯಾವ ಯಂತ್ರವೂ ಭರವಸೆ ಕೊಡಲಾರದು. ತೀರ್ಪುಗಾರರನ್ನು ಮೊದಲೇ ಕೊಂಡುಕೊಳ್ಳೋಕೆ ಆಗಬಾರದು ಅನ್ನೋದಷ್ಟೇ ಈ ಕಲ್ಲಿನ ಕೆಲಸ. ಅಗೋರಾದಲ್ಲಿ ಸಿಕ್ಕ ಕ್ಲೆರೊಟೇರಿಯಾನಿನ ತುಂಡೊಂದು ಇವತ್ತು ಅಲ್ಲಿಯ ಮ್ಯೂಸಿಯಂನಲ್ಲಿದೆ. ಕಾಲ ಸ್ವಲ್ಪ ಈಚಿನದು, ಆದರೆ ಆ ಸೀಳುಗಳು ಈಗಲೂ ಸ್ಪಷ್ಟವಾಗಿವೆ.