ಕಾಂಕ್ರೀಟಿನ ಚೆಲುವು, ಛಾಯಾಚಿತ್ರದ ಕಣ್ಣು

ಸಂಶಿಯಂಥ ಊರುಗಳಲ್ಲಿ ಮಣ್ಣಿನ ಮಾಳಿಗೆಗಳ ನಡುವೆ ಕಾಂಕ್ರೀಟಿನ ಮನೆಗಳು ತಲೆಯೆತ್ತಿದಾಗ, ಇವುಗಳಲ್ಲಿ ಚೆಲುವೆಲ್ಲಿ ಎಂದು ನಾವು ಕೇಳುವುದುಂಟು. ಉತ್ತರ ಬೆಳಕಿನಲ್ಲಿದೆ. ಗಿಲಾವು ಮಾಡದೆ ಬಿಟ್ಟ ಕಾಂಕ್ರೀಟು, ತಾನು ಗಟ್ಟಿಯಾದ ಹಲಗೆಯ ಗೆರೆಗಳನ್ನು ಮೈಮೇಲೆ ಉಳಿಸಿಕೊಳ್ಳುತ್ತದೆ. ಇಳಿಬಿಸಿಲಿನಲ್ಲಿ ತೆಗೆದ ಕಪ್ಪು-ಬಿಳುಪಿನ ಚಿತ್ರದಲ್ಲಿ ಅವು ಎದ್ದು ಕಾಣುತ್ತವೆ. ಬಾಲಕೃಷ್ಣ ದೋಶಿಯವರು ರೂಪಿಸಿದ ಬೆಂಗಳೂರಿನ ಐ.ಐ.ಎಂ. ಪ್ರಾಂಗಣದಲ್ಲಿ ಒರಟು ಕಲ್ಲುಗೋಡೆಗಳ ಮೇಲೆ ಕಾಂಕ್ರೀಟು ತೊಲೆಗಳ ನೆರಳು ಹೊತ್ತಿನೊಡನೆ ಸರಿಯುತ್ತದೆ.

ದೆಹಲಿಯಲ್ಲಿ 1972ರಲ್ಲಿ ಎದ್ದ ಕಾಂಕ್ರೀಟು ಜಾಲಂಧ್ರದಂಥ ಮಹಾಭವನ ‘ಹಾಲ್ ಆಫ್ ನೇಷನ್ಸ್’ 2017ರ ಏಪ್ರಿಲಿನಲ್ಲಿ ನೆಲಸಮವಾಯಿತು. ಇಂದು ಅದನ್ನು ಕಾಣಲು ಛಾಯಾಚಿತ್ರಗಳೇ ಗತಿ. ಆದುದರಿಂದ ತರುಣರು ಗುಡಿ-ಗೋಪುರಗಳೊಡನೆ ಊರಿನ ಶಾಲೆ, ನೀರಿನ ಟಾಕಿಗಳ ಚಿತ್ರವನ್ನೂ ತೆಗೆದಿಡಲಿ. ಕೆಡವಿದ ಮೇಲೆ ಮಕ್ಕಳಿಗೆ ತೋರಿಸಲು ಅದೊಂದೇ ಉಳಿದೀತು.