ಬೆಟ್ಟ ಎಲ್ಲಿ ನಿಂತರೆ ಬೆಟ್ಟ

ಮೈಸೂರಿನಿಂದ ಚಾಮರಾಜನಗರದ ರೈಲು ಹತ್ತಿದವರು ಎಡಗಡೆಯ ಕಿಟಕಿ ಹಿಡಿಯಬೇಕು. ನಂಜನಗೂಡು, ಕವಲಂದೆ ದಾಟಿ ಬದನಗುಪ್ಪೆ ಹತ್ತಿರವಾಗುತ್ತಿದ್ದಂತೆ ಹಳಿಯಂಚಿನ ಜಾಲಿಗಿಡಗಳು ಸರ್ರನೆ ಹಿಂದಕ್ಕೆ ಓಡುತ್ತವೆ. ಅದರಾಚೆಯ ತೆಂಗಿನ ಸಾಲು ಸಾವಕಾಶವಾಗಿ ಸರಿಯುತ್ತದೆ. ಅದಕ್ಕೂ ಆಚೆ, ಕಪ್ಪು ನೆಲ ಮುಗಿದು ಆಕಾಶ ಶುರುವಾಗುವಲ್ಲಿ, ಬಿಳಿಗಿರಿರಂಗನ ಬೆಟ್ಟಸಾಲು ಕದಲುವುದೇ ಇಲ್ಲ. ರೈಲಿನ ಜೊತೆಗೇ ಬರುತ್ತಿರುತ್ತದೆ. ಸಿನಿಮಾದವರು ಇವತ್ತು ಕೋಟಿಗಟ್ಟಲೆ ಸುರಿದು ಸ್ಟುಡಿಯೋ ಒಳಗೆ ಕಟ್ಟಲು ಹೆಣಗುತ್ತಿರುವುದು ಇದನ್ನೇ. ಹತ್ತಿರದ್ದು ಓಡಬೇಕು, ದೂರದ್ದು ನಿಲ್ಲಬೇಕು, ಎರಡೂ ಒಂದೇ ಕಣ್ಣಿನ ಲೆಕ್ಕಕ್ಕೆ ಒಪ್ಪಬೇಕು.

ಬದನಗುಪ್ಪೆಯಲ್ಲಿ ಇಳಿದು ಹೊಲದ ಬದುವಿನ ಮೇಲೆ ಟ್ರೈಪಾಡ್ ಊರಿ ನೋಡಿದರೆ ಲೆಕ್ಕ ಇನ್ನೂ ನಿಚ್ಚಳ. ಕ್ಯಾಮೆರಾವನ್ನು 1 ಮೀಟರ್ ಪಕ್ಕಕ್ಕೆ ಸರಿಸಿ: 10 ಮೀಟರ್ ದೂರದ ತೆಂಗಿನ ಮರ ಐದಾರು ಡಿಗ್ರಿಯಷ್ಟು ಜಾಗ ಬದಲಿಸುತ್ತದೆ. 20 ಕಿಲೋಮೀಟರಿಗೂ ಆಚೆಯ ಬೆಟ್ಟ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಈಗ ಕ್ಯಾಮೆರಾ ತಗ್ಗಿಸಿ. ಬಯಲು ಮಟ್ಟಸವಾಗಿರುವುದರಿಂದ ದಿಗಂತದ ಗೆರೆ ಎದುರು ನಿಂತವರ ಎದೆಯನ್ನು ಹಾಯ್ದರೆ ಲೆನ್ಸ್ ಅವರ ಎದೆಮಟ್ಟದಲ್ಲಿದೆ ಎಂದೇ ಅರ್ಥ. ಮೊಣಕಾಲನ್ನು ಹಾಯ್ದರೆ ಮೊಣಕಾಲ ಮಟ್ಟ. ಇಲ್ಲಿ ಎದೆಮಟ್ಟದಲ್ಲಿ ತೆಗೆದ ಚಿತ್ರವನ್ನು ಸ್ಟುಡಿಯೋದಲ್ಲಿ ನಟರ ಹಿಂದೆ ಹಿನ್ನೆಲೆ ಮೂಡಿಸುವ ಎಲ್‌ಇಡಿ ದೀಪಗಳ ಗೋಡೆಯಲ್ಲಿ ಹಾಕಿ, ಅಲ್ಲಿ ಕ್ಯಾಮೆರಾವನ್ನು ನೆಲಕ್ಕಿಟ್ಟರೆ ನಟ ಈ ಬಯಲಿನಲ್ಲಿ ನಿಂತಂತೆ ಕಾಣುವುದಿಲ್ಲ, ಬಯಲಿನ ಮುಂದೆ ತೇಲಿದಂತೆ ಕಾಣುತ್ತಾನೆ. ಏನು ತಪ್ಪಿದೆ ಎಂದು ಪ್ರೇಕ್ಷಕ ಹೇಳಲಾರ. ಕಣ್ಣು ಮಾತ್ರ ಒಪ್ಪುವುದಿಲ್ಲ.

ಬದುವಿನ ಮೇಲೆ ಹಾದುಹೋಗುವ ಹಿರಿಯರೊಬ್ಬರು ಕೇಳುವ ಪ್ರಶ್ನೆ ಇಲ್ಲಿ ಸರಿಯಾಗಿ ನಾಟುತ್ತದೆ: ‘ಏನ್ ಸಾ, ಬೆಟ್ಟವ ಹೊತ್ಕಂಡು ಹೋದೀರಾ?’ ಬೆಟ್ಟದ ಚಿತ್ರವನ್ನೇನೋ ಹೊತ್ತೊಯ್ಯಬಹುದು. ಅದರ ಜೊತೆಗೆ ನಾವು ನಿಂತ ಜಾಗವನ್ನೂ ಹೊತ್ತೊಯ್ಯಬೇಕು. ಅದಕ್ಕೇ ಹಿನ್ನೆಲೆಗೆಂದೇ ಚಿತ್ರ (ಪ್ಲೇಟ್) ತೆಗೆಯುವವರ ಪುಸ್ತಕದಲ್ಲಿ ಲೆನ್ಸ್ ಎಷ್ಟರದ್ದು, ನೆಲದಿಂದ ಎಷ್ಟು ಎತ್ತರ, ಎಷ್ಟು ಬಾಗಿತ್ತು, ಬಿಸಿಲು ಯಾವ ಕಡೆಯದು, ಗಂಟೆ ಎಷ್ಟು ಎಂದು ಬರೆದಿರುತ್ತದೆ. ಆ ಪುಟವಿಲ್ಲದ ಹಿನ್ನೆಲೆ ಬರೀ ಕ್ಯಾಲೆಂಡರ್ ಚಿತ್ರ.

ನಮ್ಮ ಕಂಪನಿ ನಾಟಕಗಳ ಪರದೆಗಳಿಗೂ ಇದೇ ಕಷ್ಟವಿತ್ತು. ಅರಮನೆಯ ಕಂಬಸಾಲನ್ನು ಒಂದರ ಹಿಂದೊಂದು ಕಿರಿದಾಗುವಂತೆ ಬರೆದರೆ ಅದು ನಡುವಿನ ಸಾಲಿನಲ್ಲಿ ಕೂತವರ ಕಣ್ಣಿಗೆ ಸರಿ; ಪಕ್ಕದಲ್ಲಿ ಕೂತವರಿಗೆ ಸೊಟ್ಟ. ಸಿನಿಮಾ ಈ ತೊಡಕನ್ನು ಮೊದಲು ಬಿಡಿಸಿಕೊಂಡಿದ್ದು ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸುವ ಮೂಲಕ. ಇದೇ ಸೀಮೆಯ ಗಾಜನೂರಿನ ರಾಜ್‌ಕುಮಾರ್ 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ಆದರು, ಬಭ್ರುವಾಹನನೂ ಆದರು. ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು, ಛಾಯಾಗ್ರಹಣ ಎಸ್.ವಿ. ಶ್ರೀಕಾಂತ್ ಅವರದು. ಆ ಕಾಲದ ಮಾಸ್ಕಿಂಗ್ ಎಂದರೆ ಲೆನ್ಸಿನ ಅರ್ಧ ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಇನ್ನೊಂದನ್ನು ಚಿತ್ರಿಸುವುದು. ನಡುವೆ ಯಾರಾದರೂ ಟ್ರೈಪಾಡಿಗೆ ಕಾಲು ತಗುಲಿಸಿದರೆ ಅಲ್ಲಿಗೆ ಮುಗಿಯಿತು. ಎದುರೆದುರು ನಿಂತ ಆ ತಂದೆ ಮಗನನ್ನು ಈಗ ನೋಡುವಾಗಲೂ ಆ ತಂಡದ ಕೈಸ್ಥೈರ್ಯಕ್ಕೆ ನಮಸ್ಕರಿಸಬೇಕೆನಿಸುತ್ತದೆ.

ಈಗಿನ ಎಲ್‌ಇಡಿ ಗೋಡೆ ಕ್ಯಾಮೆರಾಕ್ಕೆ ನಡೆದಾಡುವ ಸ್ವಾತಂತ್ರ್ಯ ಕೊಟ್ಟಿದೆ. 2019ರ ‘ದಿ ಮ್ಯಾಂಡಲೋರಿಯನ್’ ಸರಣಿಗೆ ಕಟ್ಟಿದ ಗೋಡೆ 20 ಅಡಿ ಎತ್ತರ, 270 ಡಿಗ್ರಿ ಬಾಗಿದ್ದು. ಅಂಥ ಅಂಗಳದೊಳಗೆ ಬರಿಗಣ್ಣಿನಲ್ಲಿ ನಿಂತರೆ ವಿಚಿತ್ರ ದೃಶ್ಯ. ಕ್ಯಾಮೆರಾ ಎಡಕ್ಕೆ ನಡೆದರೆ ಗೋಡೆಯ ಮೇಲಿನ ಒಂದು ಚೌಕ ಮಾತ್ರ ಅದರ ಹಿಂದೆಯೇ ಸರಿಯುತ್ತದೆ. ಅದರೊಳಗೆ ಮರಗಳು ವಾಲುತ್ತವೆ, ಬೆಟ್ಟ ಹಿಗ್ಗುತ್ತದೆ, ಚೌಕದ ಅಂಚಿನಲ್ಲಿ ದಿಗಂತ ಮುರಿದು ಬೀಳುತ್ತದೆ. ತಿರುಗಿ ಮಾನಿಟರ್ ನೋಡಿದರೆ ಎಲ್ಲವೂ ನೆಟ್ಟಗೆ! ಅಲ್ಲಿ ಪ್ರೇಕ್ಷಕ ಒಬ್ಬನೇ, ಅವನು ಕ್ಯಾಮೆರಾ. ಗೋಡೆಯ ಉಳಿದ ಭಾಗದ ಬಯಲು, ಆಕಾಶ ನಟರ ಮುಖಕ್ಕೆ ಬೆಳಕು ಚೆಲ್ಲಲು ಮಾತ್ರ.

ಈ ಹೊಂದಾಣಿಕೆ ನಿಂತಿರುವುದು ಬಲು ಸಣ್ಣ ಅಳತೆಗಳ ಮೇಲೆ. ಕ್ಯಾಮೆರಾ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸಂವೇದಕ ಕ್ಯಾಮೆರಾದ ನೆತ್ತಿಯ ಮೇಲಿರುತ್ತದೆ. ನೋಟ ಹುಟ್ಟುವ ಬಿಂದು ಲೆನ್ಸಿನೊಳಗೆ. ಇವೆರಡರ ನಡುವಿನ ಕೆಲವೇ ಸೆಂಟಿಮೀಟರ್ ಅಂತರವನ್ನು ಅಳೆದು ಕಳೆಯದಿದ್ದರೆ ಕ್ಯಾಮೆರಾ ತಿರುಗಿದಾಗಲೆಲ್ಲ ಗೋಡೆಯ ಮರ ನೆಲದ ಮೇಲೆ ಜಾರುತ್ತದೆ. ಲೆನ್ಸ್ ಬದಲಿಸಿದರೆ ಮತ್ತೆ ಅಳತೆ. ಕಂಪ್ಯೂಟರ್ ಹೊಸ ನೋಟ ಬರೆಯಲು ಕೆಲವು ಫ್ರೇಮುಗಳ ಹೊತ್ತು ಹಿಡಿಯುವುದರಿಂದ ಕ್ಯಾಮೆರಾ ಗಕ್ಕನೆ ತಿರುಗಿದರೆ ಬೆಟ್ಟ ತಡವಾಗಿ ಬರುತ್ತದೆ. ಫೋಕಸ್ ಗೋಡೆಗೇ ನೆಟ್ಟರೆ ದೀಪಗಳ ಜಾಲರಿ ಅಲೆಅಲೆಯಾಗಿ ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಕಷ್ಟದ್ದು ನೆಲ ಗೋಡೆಯನ್ನು ಸೇರುವ ಅಂಚು. ಬದನಗುಪ್ಪೆಯ ಬಯಲು ತೋರಿಸಬೇಕೆಂದರೆ ಸ್ಟುಡಿಯೋ ನೆಲಕ್ಕೆ ಇಲ್ಲಿನದೇ ಎರೆಮಣ್ಣು ಹರಡಬೇಕು, ಅದರ ಕಪ್ಪಿಗೆ ಗೋಡೆಯ ಕಪ್ಪನ್ನು ಕೂಡಿಸಬೇಕು.

ಮೈಸೂರಿನ ಚಿತ್ರನಗರಿಯ ಮಾತು ವರ್ಷಗಳಿಂದ ನಡೆದಿದೆ. ನಂಜನಗೂಡು ತಾಲ್ಲೂಕಿನ ಹಿಮ್ಮಾವು ಇಲ್ಲಿಗೆ ದೂರವೇನಲ್ಲ. ಅಲ್ಲಿ ಇಂಥ ಗೋಡೆ ಏಳುವುದಾದರೆ ಅದರ ಮೇಲೆ ಯಾವ ಬಯಲು ಮೂಡಬೇಕು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಹೊರದೇಶದ ಯಾವುದೋ ಸಂಗ್ರಹದಿಂದ ಕೊಂಡ ಗುಡ್ಡದ ಮುಂದೆ ಚಾಮರಾಜನಗರದ ರೈತನ ಪಾತ್ರ ನಿಲ್ಲುವುದು ನನಗೆ ಸಹಿಸಲಾಗದು. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಈಗಾಗಲೇ ದಿಗಂತದೊಳಗೆ ಬರುತ್ತಿವೆ. ಅವು ಮುಚ್ಚುವ ಮೊದಲೇ ಈ ಬಯಲನ್ನು ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಒಂದೇ ಜಾಗದಿಂದ ತೆಗೆದ ಪಟ ಸಾಲದು. ಹೊಲದುದ್ದಕ್ಕೂ ನಡೆದು, ಒಂದರ ಮೇಲೊಂದು ಹಾಯುವಂತೆ ನೂರಾರು ಪಟ ತೆಗೆದರೆ ಕಂಪ್ಯೂಟರ್ ಅವುಗಳಿಂದ ಬಯಲನ್ನೇ ಉದ್ದ, ಅಗಲ, ಆಳದ ಸಮೇತ ಕಟ್ಟಿಕೊಡುತ್ತದೆ. ಆಮೇಲೆ ಕ್ಯಾಮೆರಾ ಅದರಲ್ಲಿ ಬೇಕಾದಲ್ಲಿ ನಿಲ್ಲಬಹುದು. ಬೆಟ್ಟವನ್ನು ದೂರದ ಚಪ್ಪಟೆ ಚಿತ್ರವಾಗಿ ಇಟ್ಟರೂ ನಡೆಯುತ್ತದೆ, ಬದುವಿನ ತೆಂಗನ್ನು ಮಾತ್ರ ಸುತ್ತಲೂ ಅಳೆಯಲೇಬೇಕು. ಬೇಕಾಗಿರುವುದು ಒಂದು ಡ್ರೋನು, ಒಂದು ಅಳತೆ ಟೇಪು, ಹೊಲದವರ ಒಪ್ಪಿಗೆ, ಮುಂಗಾರಿನಲ್ಲಿ ಸೂರ್ಯಕಾಂತಿ ಅರಳುವ ಒಂದು ವಾರ.