ಗಾಳದ ಕೋಲು: ಬೆಲೆಗೆ ತಕ್ಕ ಬಲವುಂಟೆ?

ಬಬಲೇಶ್ವರದ ಸೀಮೆಯು ಎರೆಭೂಮಿಯ, ಬಿಳಿಜೋಳದ ನಾಡು. ಮೀನಿನ ಮಾತು ಇಲ್ಲಿಗೆ ಸಲ್ಲದೆಂದು ತೋರಬಹುದು. ಆದರೆ ಸಮೀಪದ ಮಮದಾಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, ೧೬೩೩ರಲ್ಲಿ, ಕಟ್ಟಿಸಿದ ವಿಶಾಲವಾದ ಕೆರೆಯುಂಟು. ಕೃಷ್ಣೆಯ ನೀರನ್ನು ಏತದಿಂದೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಯೋಜನೆಗಳೂ ಬಂದಿವೆ. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಗಾಳ. ಬಿದಿರಿನ ಕೋಲು ಅಲ್ಪ ಬೆಲೆಗೆ ಸಿಕ್ಕುತ್ತದೆ. ಇಂಗಾಲದ ಎಳೆಯಿಂದ ಮಾಡಿದ ಕೋಲಿಗೆ ಹಲವು ಸಾವಿರ ರೂಪಾಯಿ ತೆರಬೇಕು. ವಿದ್ಯಾರ್ಥಿಯೊಬ್ಬನು ಕೂಡಿಟ್ಟ ಹಣವನ್ನೆಲ್ಲ ಇದಕ್ಕೆ ಸುರಿಯುವುದು ಯುಕ್ತವೆ? ಪಾಠಶಾಲೆಯ ಯಂತ್ರಶಾಸ್ತ್ರದಿಂದಲೇ ಇದಕ್ಕೆ ಉತ್ತರ ಹುಡುಕೋಣ.

ಗಾಳದ ಕೋಲು ಒಂದು ಸನ್ನೆ. ವಿಚಿತ್ರವೆಂದರೆ, ಇದರ ಲಾಭ ಮನುಷ್ಯನಿಗಲ್ಲ, ಮೀನಿಗೆ! ಮೂರು ಮೀಟರು ಉದ್ದದ ಕೋಲಿನ ಬುಡವನ್ನು ಸೊಂಟಕ್ಕೆ ಆನಿಸಿ, ಅಲ್ಲಿಂದ ೩೦ ಸೆಂಟಿಮೀಟರು ಮೇಲೆ ಕೈಯಿಂದ ಹಿಡಿದಿದ್ದೇವೆ ಎನ್ನೋಣ. ತುದಿಯಲ್ಲಿ ಮೀನು ಎರಡು ಕಿಲೋಗ್ರಾಂ ಭಾರದಷ್ಟು ಬಲದಿಂದ ಲಂಬವಾಗಿ ಎಳೆದರೆ, ನಮ್ಮ ಕೈ ಇಪ್ಪತ್ತು ಕಿಲೋಗ್ರಾಂ ಭಾರವನ್ನು ತಾಳಬೇಕು. ಕೋಲು ಬಾಗಿದಾಗ ಸನ್ನೆಯ ತೋಳು ಗಿಡ್ಡವಾಗಿ ಕೈಯ ಶ್ರಮ ಇಳಿಯುತ್ತದೆ. ಮೀನಿನ ಹಠಾತ್ ಸೆಳೆತವನ್ನು ಕೋಲು ಸ್ಪ್ರಿಂಗಿನಂತೆ ನುಂಗಿ ದಾರವನ್ನು ಕಾಯುತ್ತದೆ. ಆದುದರಿಂದ ಬಾಗುವ ಗುಣವೇ ಕೋಲಿನ ಮುಖ್ಯ ಗುಣ.

ಈ ಗುಣ ಬಿದಿರಿನಲ್ಲಿ ಹುಟ್ಟಿನಿಂದಲೇ ಇದೆ. ಅದು ಟೊಳ್ಳು ಕೊಳವೆ. ಗಟ್ಟಿ ನಾರುಗಳು ಹೊರಮೈಯಲ್ಲಿ ಹೆಚ್ಚು ಒತ್ತಾಗಿ ಸೇರಿವೆ. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದಲ್ಲಿ ಬಲವಾದ ಇಂಗಾಲದ ಎಳೆಯನ್ನು ತಯಾರಿಸುವ ಕ್ರಮ ರೂಪುಗೊಂಡಿತು. ಅಂಥ ಎಳೆಯ ಕೋಲೂ ಟೊಳ್ಳು ಕೊಳವೆಯೇ. ಆದರೆ ಬಹಳ ಹಗುರ. ಹಣ ತೆತ್ತು ನಾವು ಕೊಳ್ಳುವುದು ಈ ಹಗುರತನವನ್ನು. ದಿನವಿಡೀ ಬೀಸಿ ಎಸೆಯುವವನಿಗೆ ಅದು ದೊಡ್ಡ ಉಪಕಾರ. ದಡದಲ್ಲಿ ಕೋಲೂರಿ ಬೆಂಡನ್ನು ನೋಡುತ್ತ ಕೂರುವವನಿಗೆ ಅಷ್ಟೇನೂ ಅಲ್ಲ.

ರೀಲಿನ ಮಾತು ಬೇರೆ. ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ೧೯೦೫ರಲ್ಲಿ ಪೇಟೆಂಟ್ ಪಡೆದ ಮಾದರಿಯಲ್ಲಿ, ಎಸೆಯುವಾಗ ಉರುಳೆ ತಿರುಗದೆ ದಾರ ಮಾತ್ರ ಬಿಚ್ಚಿಕೊಳ್ಳುತ್ತದೆ. ಇಂದಿನ ಇಂಥ ರೀಲುಗಳಲ್ಲಿ, ಮೀನು ಓಡಿದಾಗ ದಾರವನ್ನು ಹದವಾಗಿ ಬಿಟ್ಟುಕೊಡಲು ಘರ್ಷಣೆಯ ತಡೆಯೊಂದಿರುತ್ತದೆ. ಆರು ಕಿಲೋಗ್ರಾಂ ತಾಳುವ ದಾರಕ್ಕೆ ತಡೆಯನ್ನು ಸುಮಾರು ಎರಡು ಕಿಲೋಗ್ರಾಮಿಗೆ ಹೊಂದಿಸುವುದು ವಾಡಿಕೆ. ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಹೆಚ್ಚು. ಒರಟು ತಡೆಯಲ್ಲಿ ಈ ಅಂತರ ದೊಡ್ಡದಾಗಿ, ಮೊದಲ ಸೆಳೆತಕ್ಕೇ ದಾರ ಹರಿಯಬಹುದು. ಆಗ ನಾವು ಕಳೆದುಕೊಳ್ಳುವುದು ಮೀನನ್ನಷ್ಟೇ ಅಲ್ಲ. ಮೀನೂ ಬಾಯಲ್ಲಿ ಕೊಕ್ಕೆ ಹೊತ್ತು ನರಳುತ್ತದೆ. ನುಣುಪಾದ ತಡೆಗೆ ಕೊಟ್ಟ ಹಣ ವ್ಯರ್ಥವಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಬೇರಿಂಗುಗಳ ಸಂಖ್ಯೆ ಮಾತ್ರ ಗುಣದ ಪ್ರಮಾಣವಲ್ಲ.

ಕಬಿನಿ ನದಿಯಲ್ಲಿ ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ, ತೂಗುವ ಮಹಶೀರ್ ಮೀನನ್ನು ಹಿಡಿದರು. ಇಂಗಾಲದ ಕೋಲು ಆಗಿನ್ನೂ ಹುಟ್ಟಿರಲಿಲ್ಲ. ಕೌಶಲವಿದ್ದರೆ ಹಳೆಯ ಸಾಧನವೂ ಸಾಕೆಂಬುದಕ್ಕೆ ಇದು ನಿದರ್ಶನ. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ ೨೦೧೮ರಿಂದ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಎಚ್ಚರಿಕೆ. ಇಂಗಾಲದ ಎಳೆ ವಿದ್ಯುದ್ವಾಹಕ. ಪಂಪುಸೆಟ್ಟುಗಳಿಗೆ ಹೋಗುವ ತಂತಿಗಳ ಕೆಳಗೆ ಅಂಥ ಕೋಲನ್ನೆತ್ತಿದರೆ ಪ್ರಾಣಕ್ಕೇ ಅಪಾಯ, ಮಿಂಚುವಾಗಲೂ ಹಾಗೆಯೇ. ಬಿದಿರು, ಅದರಲ್ಲೂ ಒದ್ದೆ ಬಿದಿರು, ಪೂರ್ತಿ ಸುರಕ್ಷಿತವೆಂದು ಇದರರ್ಥವಲ್ಲ.

ಹಾಗಾದರೆ ಹಣವನ್ನು ಯಾವ ಕ್ರಮದಲ್ಲಿ ವಿನಿಯೋಗಿಸಬೇಕು? ಮೊದಲು ಚೂಪಾದ ಕೊಕ್ಕೆ ಮತ್ತು ಹೊಸ ದಾರ, ಬಳಿಕ ನುಣುಪಾದ ತಡೆಯ ರೀಲು, ಕೊನೆಗೆ ಕೋಲು. ಅಂಗೈಯಗಲದ ಮೀನಿಗೆ ರೀಲಿಲ್ಲದ ಬಿದಿರೇ ಸಾಕು. ಕೆರೆಯ ದೊಡ್ಡ ಕಾಟ್ಲಾ, ರೋಹುಗಳಿಗೆ ಮಧ್ಯಮ ಬೆಲೆಯ ಸಾಧನ ಸಾಲುತ್ತದೆ. ಅದರಿಂದಾಚೆ ಬೆಲೆ ಇಮ್ಮಡಿಸಿದರೂ ಫಲ ಇಮ್ಮಡಿಸದು. ಗಾಳ ಹಾಕುವ ಮುನ್ನ ಕೆರೆಯ ಮೀನುಗಾರಿಕೆಯ ಹಕ್ಕು ಯಾರದೆಂದು ವಿಚಾರಿಸಿ ಅನುಮತಿ ಪಡೆಯುವುದೂ ಅವಶ್ಯ. ಅನೇಕ ಕೆರೆಗಳಲ್ಲಿ ಆ ಹಕ್ಕನ್ನು ಗುತ್ತಿಗೆ ಪಡೆದವರ ಜೀವನ ಅದನ್ನೇ ನಂಬಿರುತ್ತದೆ.